ಏಳು ದಿನಕ್ಕೊಂದು ಪಂದ್ಯ: ಲೆಡ್ಲಿ ಕಿಂಗ್ ಎಂಬ ಡಿಫೆಂಡರ್

ಒಂದು ಭಾನುವಾರ ಬೆಳಿಗ್ಗೆ ನಮ್ಮ ಊರಿನ ಗ್ರಂಥಾಲಯದ ಮಹಡಿ ಮೇಲೆ ಮಾಡಿದ ಉಪನ್ಯಾಸ ಇದು. ಕೇಳಲು ಬಂದವರಲ್ಲಿ ಹೆಚ್ಚಿನವರು ಶಾಲೆ, ಕಾಲೇಜು ತಂಡಗಳಲ್ಲಿ ಫುಟ್‌ಬಾಲ್ ಆಡುವ ಮಕ್ಕಳು, ಜೊತೆಗೆ ಅವರ ಮನೆಯವರು. ಆಡಿದ ಮಾತನ್ನೇ ಸ್ವಲ್ಪ ಅಚ್ಚುಕಟ್ಟು ಮಾಡಿ ಬರೆದಿದ್ದೇನೆ.

ಎಲ್ಲರಿಗೂ ನಮಸ್ಕಾರ.

"ಮಂಡಿ ಸವೆದಿದೆ" ಅನ್ನುವ ಮಾತು ನಿಮ್ಮೆಲ್ಲರ ಮನೆಯಲ್ಲೂ ಒಂದಲ್ಲ ಒಂದು ಸಲ ಬಂದೇ ಬಂದಿರುತ್ತದೆ. ಅಜ್ಜಿಗೆ ಡಾಕ್ಟರ್ ಹೇಳಿರುತ್ತಾರೆ. ಆಮೇಲಿಂದ ಅಜ್ಜಿ ನೆಲದ ಮೇಲೆ ಕೂರುವುದನ್ನು ಬಿಡುತ್ತಾರೆ. ಊಟಕ್ಕೆ ಕುರ್ಚಿ ಬರುತ್ತದೆ. ಮೆಟ್ಟಿಲು ಹತ್ತುವಾಗ ಒಂದು ಕೈ ಗೋಡೆ ಮೇಲೆ, ಇನ್ನೊಂದು ಕೈ ತೊಡೆ ಮೇಲೆ. ನಮಗೆಲ್ಲ ಗೊತ್ತಿರುವ ದೃಶ್ಯ, ಅಲ್ವಾ?

ಈಗ ಅದೇ ಮಂಡಿ ಇಪ್ಪತ್ತೆಂಟು ವರ್ಷದ ಒಬ್ಬ ಆಟಗಾರನಿಗೆ ಇದೆ ಅಂದುಕೊಳ್ಳಿ. ಅವನು ಆಡುವುದು ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ. ಎದುರಿಗೆ ನುಗ್ಗಿ ಬರುವವರು ದ್ರೋಗ್ಬಾ, ರೂನಿ, ಟೊರೆಸ್. ವಾರವಿಡೀ ತಂಡದವರೆಲ್ಲ ಅಭ್ಯಾಸ ಮಾಡುತ್ತಾರೆ, ಇವನು ಮಾಡುವ ಹಾಗಿಲ್ಲ. ಓಡಿದರೆ ಮಂಡಿ ಊದಿಕೊಳ್ಳುತ್ತದೆ. ಶನಿವಾರ ಬರುತ್ತದೆ. ಇವನು ಬೂಟು ಕಟ್ಟಿಕೊಂಡು ನೇರವಾಗಿ ಪಂದ್ಯಕ್ಕೆ ಇಳಿಯುತ್ತಾನೆ. ತೊಂಬತ್ತು ನಿಮಿಷ ಮುಗಿದಾಗ ಮೈದಾನದ ಅತ್ಯುತ್ತಮ ಡಿಫೆಂಡರ್ ಇವನೇ ಆಗಿರುತ್ತಾನೆ. ಒಂದು ವಾರ ಅಲ್ಲ, ಒಂದು ತಿಂಗಳಲ್ಲ, ವರ್ಷಗಟ್ಟಲೆ ಹೀಗೇ ನಡೆಯಿತು.

ಅವನ ಹೆಸರು ಲೆಡ್ಲಿ ಕಿಂಗ್. ತನ್ನ ಇಡೀ ವೃತ್ತಿಜೀವನವನ್ನು ಟಾಟನ್‌ಹ್ಯಾಮ್ ಹಾಟ್‌ಸ್ಪರ್ ಎಂಬ ಒಂದೇ ಕ್ಲಬ್‌ನಲ್ಲಿ ಕಳೆದವನು. ಕ್ಲಬ್‌ಗಾಗಿ 323 ಪಂದ್ಯ, ಇಂಗ್ಲೆಂಡ್‌ಗಾಗಿ 21 ಪಂದ್ಯ. 2012ರಲ್ಲಿ, 31ನೇ ವಯಸ್ಸಿಗೆ ಆಟ ಬಿಟ್ಟ.

ಅವನ ಬಗ್ಗೆ ಮಾತು ಬಂದಾಗಲೆಲ್ಲ ಫುಟ್‌ಬಾಲ್ ಅಭಿಮಾನಿಗಳು ಒಂದು ನಿಟ್ಟುಸಿರು ಬಿಡುತ್ತಾರೆ. "ಮಂಡಿ ಒಂದು ಸರಿಯಾಗಿದ್ದಿದ್ದರೆ..." ಅಂತ. ನಾನೂ ಬಹಳ ವರ್ಷ ಹಾಗೇ ಅನ್ನುತ್ತಿದ್ದೆ. ಈಗ ಅನ್ನುವುದಿಲ್ಲ. ಆಡದೇ ಹೋದ ಪಂದ್ಯಗಳನ್ನು ಎಣಿಸುತ್ತಾ ಕೂತರೆ ಆಡಿದ ಪಂದ್ಯಗಳಲ್ಲಿ ಅವನು ಏನು ಮಾಡಿದ ಅನ್ನುವುದೇ ಮರೆತುಹೋಗುತ್ತದೆ. ಇವತ್ತು ನಾನು ಮಾತಾಡಬೇಕು ಅಂದುಕೊಂಡಿರುವುದು ಅವನು ಆಡಿದ್ದರ ಬಗ್ಗೆ.

ಮೊದಲು ಊರು. ಕಿಂಗ್ ಹುಟ್ಟಿದ್ದು 1980ರ ಅಕ್ಟೋಬರ್ 12ರಂದು, ಪೂರ್ವ ಲಂಡನ್ನಿನ ಬೋ ಎಂಬಲ್ಲಿ. ಶ್ರೀಮಂತರ ಲಂಡನ್ ಅಲ್ಲ ಅದು. ಸರ್ಕಾರಿ ಮನೆಗಳ, ದುಡಿಯುವ ಜನರ ಲಂಡನ್. ತಾಯಿ ಒಬ್ಬರೇ ಸಾಕಿದರು. ಹುಡುಗ ಸೆನ್‌ರ್ಯಾಬ್ ಎನ್ನುವ ಮಕ್ಕಳ ತಂಡಕ್ಕೆ ಸೇರಿದ. ಆ ತಂಡದ ಆಟ ನಡೆಯುವುದು ವಾನ್‌ಸ್ಟೆಡ್ ಫ್ಲ್ಯಾಟ್ಸ್ ಎಂಬ ದೊಡ್ಡ ಬಯಲಿನಲ್ಲಿ. ಭಾನುವಾರ ಒಂದೇ ಬಯಲಲ್ಲಿ ಹತ್ತಾರು ಪಂದ್ಯ ಒಟ್ಟಿಗೆ. ನಮ್ಮ ಕಡೆ ರಜೆ ದಿನ ಒಂದೇ ಮೈದಾನದಲ್ಲಿ ನಾಲ್ಕೈದು ಕ್ರಿಕೆಟ್ ಪಂದ್ಯ ನಡೆಯುತ್ತವಲ್ಲ, ಯಾರ ಚೆಂಡು ಯಾರ ಕಡೆ ಹೋಯಿತು ಗೊತ್ತಾಗದ ಹಾಗೆ, ಆ ತರಹದ ಜಾಗ.

ಆ ಮಕ್ಕಳ ತಂಡದಲ್ಲಿ ಕಿಂಗ್ ಜೊತೆ ಆಡಿದ ಒಬ್ಬ ಹುಡುಗನ ಹೆಸರು ಜಾನ್ ಟೆರಿ. ಮುಂದೆ ಚೆಲ್ಸಿಗೂ ಇಂಗ್ಲೆಂಡ್‌ಗೂ ನಾಯಕನಾದವನು. ಇನ್ನೊಬ್ಬ, ಮುಂದೆ ಸ್ಟ್ರೈಕರ್ ಆದ ಬಾಬಿ ಝಮೋರ. ಇವರಿಗಿಂತ ಕೆಲವು ವರ್ಷ ಮೊದಲು ಅದೇ ತಂಡದಿಂದ ಬಂದವನು ಸೋಲ್ ಕ್ಯಾಂಪ್‌ಬೆಲ್. ಒಂದು ಬೀದಿ ತಂಡದಿಂದ ಒಂದು ದೇಶಕ್ಕೆ ಮೂವರು ಸೆಂಟರ್ ಬ್ಯಾಕ್‌ಗಳು, ಅಂದರೆ ಡಿಫೆನ್ಸ್‌ನ ನಡುವೆ ನಿಲ್ಲುವವರು! ಈ ಕ್ಯಾಂಪ್‌ಬೆಲ್ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

ಹದಿಹರೆಯದಲ್ಲಿ ಕಿಂಗ್ ಟಾಟನ್‌ಹ್ಯಾಮ್ ಸೇರಿದ. ಹಿರಿಯರ ತಂಡಕ್ಕೆ ಮೊದಲ ಪಂದ್ಯ 1999ರ ಮೇ 1ರಂದು, ಲಿವರ್‌ಪೂಲ್‌ನ ಆನ್‌ಫೀಲ್ಡ್ ಮೈದಾನದಲ್ಲಿ. ತಂಡ 3-2ರಿಂದ ಸೋತಿತು. ಶುರುವಿನ ವರ್ಷಗಳಲ್ಲಿ ಅವನನ್ನು ಮಿಡ್‌ಫೀಲ್ಡ್‌ನಲ್ಲೂ ಆಡಿಸುತ್ತಿದ್ದರು. ಹಾಗೆ ಮುಂದೆ ಆಡುತ್ತಿದ್ದಾಗಲೇ ಒಂದು ವಿಚಿತ್ರ ದಾಖಲೆ ಆಯಿತು. 2000ದ ಡಿಸೆಂಬರ್ 9, ಬ್ರ್ಯಾಡ್‌ಫರ್ಡ್ ಸಿಟಿ ವಿರುದ್ಧ. ಪಂದ್ಯ ಶುರುವಾಗಿ ಹತ್ತು ಸೆಕೆಂಡು ತುಂಬಿರಲಿಲ್ಲ, ಕಿಂಗ್ ಗೋಲು ಹೊಡೆದಿದ್ದ. ಪ್ರೀಮಿಯರ್ ಲೀಗ್‌ನ ಅತಿ ವೇಗದ ಗೋಲು ಅದು. ಹದಿನೆಂಟು ವರ್ಷಕ್ಕೂ ಹೆಚ್ಚು ಕಾಲ ಯಾವ ದೊಡ್ಡ ಸ್ಟ್ರೈಕರ್‌ಗೂ ಅದನ್ನು ಮುರಿಯಲು ಆಗಲಿಲ್ಲ. ಕೊನೆಗೆ 2019ರ ಏಪ್ರಿಲ್‌ನಲ್ಲಿ ಸೌತಾಂಪ್ಟನ್‌ನ ಶೇನ್ ಲಾಂಗ್ 7.69 ಸೆಕೆಂಡಿಗೆ ಗೋಲು ಹೊಡೆದು ಮುರಿದ. ಅಷ್ಟು ವರ್ಷ ಗೋಲು ಹೊಡೆಯುವವರ ಪಟ್ಟಿಯ ತುದಿಯಲ್ಲಿ ಗೋಲು ತಡೆಯುವವನ ಹೆಸರಿತ್ತು. ನನಗೆ ಇದು ಯಾವಾಗ ನೆನೆದರೂ ಖುಷಿ.

ಈಗ ಕ್ಯಾಂಪ್‌ಬೆಲ್ ವಿಷಯ. ಟಾಟನ್‌ಹ್ಯಾಮ್‌ನ ನಾಯಕ ಅವನು. ಅಭಿಮಾನಿಗಳಿಗೆ ಮನೆಮಗ. 2001ರಲ್ಲಿ ಒಪ್ಪಂದ ಮುಗಿಯಿತು. ಅವನು ಹೊಸ ಒಪ್ಪಂದಕ್ಕೆ ಸಹಿ ಹಾಕದೆ, ಕ್ಲಬ್‌ಗೆ ಒಂದು ಪೌಂಡೂ ಸಿಗದ ಹಾಗೆ ಹೊರಟ. ಹೋಗಿದ್ದು ಎಲ್ಲಿಗೆ? ಪಕ್ಕದ ಆರ್ಸೆನಲ್‌ಗೆ! ಈ ಎರಡು ಕ್ಲಬ್‌ಗಳ ಹಗೆತನ ಎಷ್ಟು ಹಳೆಯದು ಅಂದರೆ, ಅಜ್ಜ ಮೊಮ್ಮಗನಿಗೆ ಆಸ್ತಿ ಕೊಟ್ಟ ಹಾಗೆ ಕೊಟ್ಟು ಹೋಗುತ್ತಾರೆ. ಇಷ್ಟು ವರ್ಷ ಕಳೆದರೂ ಟಾಟನ್‌ಹ್ಯಾಮ್‌ನ ಎಷ್ಟೋ ಜನ ಕ್ಯಾಂಪ್‌ಬೆಲ್‌ನನ್ನು ಕ್ಷಮಿಸಿಲ್ಲ. ಅವನ ತಪ್ಪು ಒಪ್ಪು ನಾನು ಇಲ್ಲಿ ತೂಗುವುದಿಲ್ಲ. ಅವನಿಗೆ ಲೀಗ್ ಗೆಲ್ಲಬೇಕಿತ್ತು, ಗೆದ್ದ. ಆದರೆ ಅವನು ಬಿಟ್ಟುಹೋದ ಆ ಖಾಲಿ ಜಾಗದಲ್ಲಿ ಬಂದು ನಿಂತವನು ಇಪ್ಪತ್ತು ವರ್ಷದ ಲೆಡ್ಲಿ ಕಿಂಗ್. ಬೆನ್ನ ಮೇಲೆ 26 ನಂಬರ್. ಹತ್ತು ವರ್ಷ ಆ ಜಾಗ ಅವನದೇ ಆಯಿತು. 2005ರಿಂದ ನಾಯಕನೂ ಅವನೇ.

ಇನ್ನು ಆಟಕ್ಕೆ ಬರೋಣ. ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ, ಯಾಕೆಂದರೆ ಇಲ್ಲಿ ಕೂತಿರುವ ಡಿಫೆಂಡರ್‌ಗಳಿಗೆ ಬೇಕಾಗಿರುವುದು ಇದು.

ನಮ್ಮಲ್ಲಿ ಡಿಫೆಂಡರ್ ಅಂದರೆ ಗಟ್ಟಿ ಆಳು, ಎತ್ತರದವನು, ಎದುರಾಳಿ ಬಂದರೆ ಡಿಕ್ಕಿ ಹೊಡೆದು ಬೀಳಿಸುವವನು ಅಂತ ಒಂದು ಕಲ್ಪನೆ ಇದೆ. ನಾನು ಕಾಲೇಜು ತಂಡದಲ್ಲಿ ಡಿಫೆಂಡರ್ ಆಗಿದ್ದಾಗ ನನಗೆ ಹೇಳಿಕೊಟ್ಟಿದ್ದೂ ಅದೇ. ಚೆಂಡು ಹೋದರೂ ಪರವಾಗಿಲ್ಲ, ಆಳು ಹೋಗಬಾರದು. ರೆಫ್ರಿ ನೋಡದೇ ಇದ್ದಾಗ ಜೆರ್ಸಿ ಹಿಡಿ. ಕಾರ್ನರ್ ಕಿಕ್ ಬಂದಾಗ ಸೊಂಟಕ್ಕೆ ಕೈ ಹಾಕು. ಎಲ್ಲರೂ ಮಾಡುತ್ತಾರೆ ಅಂತ ನಾನೂ ಮಾಡಿದೆ. ಅದೇ ಡಿಫೆನ್ಸ್ ಅಂದುಕೊಂಡಿದ್ದೆ.

ಕಿಂಗ್ ಆಟ ನೋಡಿದ ಮೇಲೆ ಆ ನಂಬಿಕೆ ಹೋಯಿತು. ಅವನು ಎತ್ತರದ ಆಳೇ, ಬಲವೂ ಇತ್ತು. ಆದರೆ ಅವನ ಕೈ ಎದುರಾಳಿಯ ಜೆರ್ಸಿ ಮೇಲೆ ಹೋಗುತ್ತಿರಲಿಲ್ಲ. ಆರ್ಸೆನಲ್‌ನ ಥಿಯರಿ ಹೆನ್ರಿ, ಆ ಕಾಲದಲ್ಲಿ ಇಂಗ್ಲೆಂಡಿನ ಡಿಫೆಂಡರ್‌ಗಳಿಗೆಲ್ಲ ನಿದ್ದೆ ಕೆಡಿಸಿದವನು, ಕಿಂಗ್ ಬಗ್ಗೆ ಇದನ್ನೇ ಹೇಳಿದ್ದ. ಹಿಡಿಯದೆ, ಎಳೆಯದೆ, ಸುಮ್ನೆ ಬಂದು ಚೆಂಡು ತೆಗೆದುಕೊಂಡು ಹೋಗುವ ಡಿಫೆಂಡರ್ ಇವನು ಅಂತ. ಎದುರಾಳಿ ತಂಡದವನ ಬಾಯಲ್ಲಿ, ಅದೂ ಆರ್ಸೆನಲ್‌ನವನ ಬಾಯಲ್ಲಿ ಬಂದ ಮಾತು ಅದು.

ಹಿಡಿಯದೆ ಹೇಗೆ ತಡೆಯುತ್ತೀರಿ? ಫಾರ್ವರ್ಡ್ ಚೆಂಡು ತೆಗೆದುಕೊಂಡು ನಿಮ್ಮ ಕಡೆ ಬರುತ್ತಿದ್ದಾನೆ. ನಮ್ಮಲ್ಲಿ ಹೆಚ್ಚಿನವರು ತಕ್ಷಣ ಅವನ ಮೇಲೆ ನುಗ್ಗುತ್ತೇವೆ. ಅವನಿಗೆ ಬೇಕಾಗಿರುವುದೂ ಅದೇ. ನೀವು ಕಾಲು ಎತ್ತಿದಿರೋ, ನಿಮ್ಮ ತೂಕ ಒಂದು ಕಡೆ ಬಿತ್ತು. ಅವನು ಇನ್ನೊಂದು ಕಡೆಯಿಂದ ಹೋದ. ಕಿಂಗ್ ಹಾಗೆ ನುಗ್ಗುತ್ತಿರಲಿಲ್ಲ. ಸ್ವಲ್ಪ ಓರೆಯಾಗಿ ನಿಂತು, ಮಂಡಿ ಬಗ್ಗಿಸಿ, ಹಿಂದಕ್ಕೆ ಸರಿಯುತ್ತಾ ಬರುತ್ತಿದ್ದ. ಕಣ್ಣು ಚೆಂಡಿನ ಮೇಲೆ. ಫಾರ್ವರ್ಡ್ ಕಾಲಿನಲ್ಲಿ ಎಷ್ಟು ಆಟ ತೋರಿಸಿದರೂ ಇವನು ನೋಡುವುದು ಚೆಂಡನ್ನು. ಚೆಂಡು ಅವನ ಕಾಲಿನಿಂದ ಒಂದಿಷ್ಟು ದೂರ ಹೋಗುತ್ತದಲ್ಲ, ಆ ಒಂದು ಕ್ಷಣ, ಆಗ ಕಾಲು ಹಾಕುತ್ತಿದ್ದ. ಅಷ್ಟೇ. ಕಾಯುವುದು ಅವನ ಆಟದ ಮುಕ್ಕಾಲು ಪಾಲು.

ಇನ್ನೊಂದು, ಅವನು ನಿಲ್ಲುತ್ತಿದ್ದ ಜಾಗ. ಟಿವಿಯಲ್ಲಿ ಕ್ಯಾಮೆರಾ ಯಾವಾಗಲೂ ಚೆಂಡಿನ ಹಿಂದೆ ಹೋಗುತ್ತದೆ. ನೀವು ಚೆಂಡು ಬಿಟ್ಟು ಕಿಂಗ್‌ನನ್ನೇ ನೋಡುತ್ತಾ ಕೂತರೆ ಗೊತ್ತಾಗುತ್ತಿತ್ತು. ಚೆಂಡು ಇನ್ನೂ ಆಚೆ ಕಡೆ ಇದ್ದಾಗಲೇ ಅವನು ಎರಡು ಹೆಜ್ಜೆ ಎಡಕ್ಕೆ, ಒಂದು ಹೆಜ್ಜೆ ಹಿಂದಕ್ಕೆ ಸರಿದಿರುತ್ತಿದ್ದ. ಚೆಂಡು ಬಂದಾಗ ಓಡಬೇಕಾದ ಅಗತ್ಯವೇ ಇಲ್ಲ, ಅಲ್ಲೇ ಇದ್ದಾನೆ. ಮಂಡಿ ಕೆಟ್ಟ ಮೇಲೆ ಕಲಿತದ್ದಲ್ಲ ಇದು, ಇಪ್ಪತ್ತರ ವಯಸ್ಸಿನಲ್ಲೇ ಇತ್ತು. ಮಂಡಿ ಕೆಟ್ಟ ಮೇಲೆ ಉಳಿದದ್ದೆಲ್ಲ ಒಂದೊಂದಾಗಿ ಹೋಯಿತು, ಇದು ಮಾತ್ರ ಹೋಗಲಿಲ್ಲ. ಹಾಗಾಗಿ ನಮ್ಮ ಕಣ್ಣಿಗೆ ಎದ್ದು ಕಂಡಿತು.

2004ರ ಯೂರೋ ಕಪ್ ನೋಡಿ. ಜೂನ್ 13, ಲಿಸ್ಬನ್. ಇಂಗ್ಲೆಂಡ್‌ಗೆ ಫ್ರಾನ್ಸ್ ವಿರುದ್ಧ ಮೊದಲ ಪಂದ್ಯ. ಜಾನ್ ಟೆರಿಗೆ ಗಾಯ. ಅವನ ಬದಲಿಗೆ ಕಿಂಗ್. ಪಕ್ಕದಲ್ಲಿ ಯಾರು? ಸೋಲ್ ಕ್ಯಾಂಪ್‌ಬೆಲ್! ಸೆನ್‌ರ್ಯಾಬ್‌ನ ಒಬ್ಬ ಹುಡುಗನ ಜಾಗಕ್ಕೆ ಸೆನ್‌ರ್ಯಾಬ್‌ನ ಇನ್ನೊಬ್ಬ ಬಂದು, ಸೆನ್‌ರ್ಯಾಬ್‌ನ ಮೂರನೆಯವನ ಪಕ್ಕ ನಿಂತ. ಬಿಟ್ಟು ಹೋದವನೂ ಉಳಿದವನೂ ಒಂದೇ ಬಿಳಿ ಜೆರ್ಸಿಯಲ್ಲಿ. ಎದುರಿಗೆ ಫ್ರಾನ್ಸ್ ಪರ ಆಡುತ್ತಿದ್ದ ಹೆನ್ರಿ. ಅವನನ್ನು ತೊಂಬತ್ತು ನಿಮಿಷ ಇವರಿಬ್ಬರೂ ಹೆಚ್ಚು ಅಲುಗಾಡಲು ಬಿಡಲಿಲ್ಲ. ಲ್ಯಾಂಪಾರ್ಡ್ ಹೆಡ್ಡರ್‌ನಿಂದ ಇಂಗ್ಲೆಂಡ್ ಮುಂದಿತ್ತು. ಬೆಕಮ್ ಹೊಡೆದ ಪೆನಾಲ್ಟಿ ಗೋಲಾಗಲಿಲ್ಲ. ತೊಂಬತ್ತು ನಿಮಿಷ ಮುಗಿದ ಮೇಲೆ ರೆಫ್ರಿ ಸೇರಿಸಿದ ನಿಮಿಷಗಳಲ್ಲಿ ಫ್ರಾನ್ಸ್‌ನ ಝಿದಾನ್ ಒಂದು ಫ್ರೀ ಕಿಕ್, ಒಂದು ಪೆನಾಲ್ಟಿ ಗೋಲಾಗಿಸಿದ. 2-1. ಆ ಪೆನಾಲ್ಟಿ ಬಂದದ್ದು ಜೆರಾರ್ಡ್ ಗೋಲ್‌ಕೀಪರ್‌ಗೆ ಕೊಟ್ಟ ಪಾಸ್ ಚಿಕ್ಕದಾಗಿ ಹೆನ್ರಿಗೆ ಸಿಕ್ಕಿದ್ದರಿಂದ. ಪೇಪರ್‌ಗಳಲ್ಲಿ ಮರುದಿನ ಎಲ್ಲ ಝಿದಾನ್. ಡಿಫೆಂಡರ್‌ಗಳ ಕೆಲಸ ಹೀಗೇ. ತೊಂಬತ್ತು ನಿಮಿಷ ಏನೂ ಆಗದ ಹಾಗೆ ನೋಡಿಕೊಂಡಿರುತ್ತಾರೆ, ಏನೂ ಆಗಲಿಲ್ಲ ಅನ್ನುವುದು ಸುದ್ದಿ ಆಗುವುದಿಲ್ಲ.

ಈಗ ನಾನು ಇವತ್ತು ಬಂದಿದ್ದೇ ಯಾವುದನ್ನು ಹೇಳಲು, ಅದಕ್ಕೆ ಬರುತ್ತೇನೆ. 2006ರ ನವೆಂಬರ್ 5. ಟಾಟನ್‌ಹ್ಯಾಮ್‌ನ ಹಳೆಯ ಮೈದಾನ ವೈಟ್ ಹಾರ್ಟ್ ಲೇನ್. ಎದುರಾಳಿ ಚೆಲ್ಸಿ. ಹಿಂದಿನ ಎರಡೂ ವರ್ಷ ಲೀಗ್ ಗೆದ್ದ ತಂಡ. ಟಾಟನ್‌ಹ್ಯಾಮ್ 1990ರ ನಂತರ ಒಂದೇ ಒಂದು ಲೀಗ್ ಪಂದ್ಯದಲ್ಲೂ ಚೆಲ್ಸಿಯನ್ನು ಸೋಲಿಸಿರಲಿಲ್ಲ. ಹದಿನಾರು ವರ್ಷ!

ಆ ಪಂದ್ಯದಲ್ಲಿ ಒಂದು ಸಲ ಚೆಲ್ಸಿಯ ಆರ್ಯನ್ ರಾಬೆನ್ ಡಿಫೆನ್ಸ್ ದಾಟಿ ಹೊರಟ. ರಾಬೆನ್ ಅಂದರೆ ಆಗ ಇಂಗ್ಲೆಂಡಿನ ಅತಿ ವೇಗದ ಆಟಗಾರರಲ್ಲಿ ಒಬ್ಬ. ಮುಂದೆ ಗೋಲ್‌ಕೀಪರ್ ಒಬ್ಬನೇ. ಕಿಂಗ್ ಹಿಂದೆ ಬಿದ್ದಿದ್ದಾನೆ. ಮೈದಾನದಲ್ಲಿದ್ದ ಎಲ್ಲರಿಗೂ ಗೋಲು ಆಗಿಹೋಯಿತು ಅಂತಲೇ ಅನ್ನಿಸಿದೆ.

ಕಿಂಗ್ ಓಡಲು ಶುರು ಮಾಡಿದ. ನೀವು ಆ ವಿಡಿಯೋ ನೋಡಿದರೆ ಒಂದು ಗಮನಿಸಿ, ಅವನ ಓಟದಲ್ಲಿ ಗಾಬರಿ ಇಲ್ಲ. ಒಂದೊಂದೇ ಹೆಜ್ಜೆಗೆ ಅಂತರ ಕಡಿಮೆ ಆಗುತ್ತದೆ. ಪೆನಾಲ್ಟಿ ಜಾಗದ ಒಳಗೆ ಹೋಗುವ ಹೊತ್ತಿಗೆ ಹತ್ತಿರ ಬಂದಿದ್ದಾನೆ. ಈಗ ಯೋಚನೆ ಮಾಡಿ. ಹಿಂದಿನಿಂದ ಬರುತ್ತಿರುವ ಡಿಫೆಂಡರ್ ಅಲ್ಲಿ ಸ್ವಲ್ಪ ಎಡವಟ್ಟು ಮಾಡಿದರೆ ಏನಾಗುತ್ತದೆ? ಪೆನಾಲ್ಟಿ. ಅದರ ಜೊತೆಗೆ ಕೆಂಪು ಕಾರ್ಡ್. ಆಗಿನ ನಿಯಮ ಹಾಗಿತ್ತು. ಖಚಿತ ಗೋಲು ತಪ್ಪಿಸಲು ಫೌಲ್ ಮಾಡಿದರೆ ಎರಡೂ ಶಿಕ್ಷೆ. ಪ್ರಾಮಾಣಿಕವಾಗಿ ಚೆಂಡಿಗೇ ಕಾಲು ಹಾಕಿ ತಪ್ಪಿದವನಿಗೆ ಹಳದಿ ಕಾರ್ಡ್ ಸಾಕು ಅಂತ ನಿಯಮ ಸಡಿಲ ಮಾಡಿದ್ದು 2016ರಲ್ಲಿ. ಅಂದರೆ ಕಿಂಗ್‌ಗೆ ಕಾಲು ಹಾಕಲು ಇದ್ದದ್ದು ಒಂದೇ ಅವಕಾಶ. ರಾಬೆನ್ ಹೊಡೆಯಲು ಸಿದ್ಧನಾದ. ಕಿಂಗ್ ಕಾಲು ಚಾಚಿದ. ಚೆಂಡು ಮಾತ್ರ ಹೋಯಿತು. ಸೀಟಿ ಊದಲಿಲ್ಲ.

ಗೋಲು ಬಿದ್ದಾಗ ಕೂಗುವ ಹಾಗೆ ಆ ಮೈದಾನ ಕೂಗಿತು. ಒಂದು ಟ್ಯಾಕಲ್‌ಗೆ! ಪಂದ್ಯವನ್ನು ಟಾಟನ್‌ಹ್ಯಾಮ್ 2-1ರಿಂದ ಗೆದ್ದಿತು. ಗೋಲು ಹೊಡೆದವರು ಡಾಸನ್ ಮತ್ತು ಲೆನನ್. ಆದರೆ ಅಲ್ಲಿಯ ಜನ ಇವತ್ತಿಗೂ ಆ ಪಂದ್ಯವನ್ನು ನೆನಪಿಡುವುದು ಆ ಟ್ಯಾಕಲ್‌ನಿಂದ. ನಾನು ಅದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ. ಪ್ರತಿ ಸಲವೂ, ಈ ಸಲ ಸಿಗಲ್ಲ, ರಾಬೆನ್ ಹೊಡೆದುಬಿಡುತ್ತಾನೆ ಅಂತಲೇ ಅನ್ನಿಸುತ್ತದೆ.

ಆ ಓಟ ನೆನಪಿಟ್ಟುಕೊಂಡು ಮುಂದಿನದನ್ನು ಕೇಳಿ.

ಅದೇ ವರ್ಷದ ಏಪ್ರಿಲ್‌ನಲ್ಲಿ ಪಾದದ ಮೂಳೆ ಮುರಿದು ಕಿಂಗ್ 2006ರ ವಿಶ್ವಕಪ್ ತಪ್ಪಿಸಿಕೊಂಡಿದ್ದ. ಅದು ಕೂಡಿಕೊಳ್ಳುವ ಮೂಳೆ, ಕೂಡಿಕೊಂಡಿತು. ಮಂಡಿಯ ಕತೆ ಬೇರೆ. ನಮ್ಮ ಮಂಡಿಯಲ್ಲಿ ಮೂಳೆಗಳ ತುದಿಗೆ ಒಂದು ನುಣುಪಾದ ಪದರ ಇರುತ್ತದೆ, ಕಾರ್ಟಿಲೇಜ್ ಅನ್ನುತ್ತಾರೆ. ಎಳನೀರು ಕುಡಿದ ಮೇಲೆ ಒಳಗಿನ ಗಂಜಿ ಸವರಿದರೆ ಹೇಗೆ ಜಾರುತ್ತದೋ ಹಾಗೆ ನುಣುಪು. ಅದರಿಂದಲೇ ಮೂಳೆ ಮೇಲೆ ಮೂಳೆ ಜಾರುವುದು. ಅದಕ್ಕೆ ರಕ್ತನಾಳ ಇಲ್ಲ. ರಕ್ತ ಹೋಗದ ಕಡೆ ಗಾಯ ಮಾಯುವುದೂ ಇಲ್ಲ. ಹೋದದ್ದು ಹೋಯಿತು. ಕಿಂಗ್‌ಗೆ ಆಪರೇಷನ್‌ಗಳಾದವು. ಕೊನೆಗೆ ಆಪರೇಷನ್ ಮಾಡಲೂ ಏನೂ ಉಳಿಯಲಿಲ್ಲ.

2008ರ ಅಕ್ಟೋಬರ್‌ನಲ್ಲಿ ಹ್ಯಾರಿ ರೆಡ್‌ನ್ಯಾಪ್ ಮ್ಯಾನೇಜರ್ ಆಗಿ ಬಂದರು. ಅವರು ಪತ್ರಕರ್ತರ ಮುಂದೆ ಇದನ್ನು ಮುಚ್ಚಿಡದೆ ಹೇಳಿದರು. ಇದಕ್ಕೆ ಮದ್ದಿಲ್ಲ. ಕಾರ್ಟಿಲೇಜೇ ಇಲ್ಲ, ಮೂಳೆಗೆ ಮೂಳೆ ಉಜ್ಜುತ್ತಿದೆ. ಪಂದ್ಯ ಆಡಿದ ಮೇಲೆ ಮಂಡಿ ಊದುತ್ತದೆ, ಇಳಿಯಲು ಏಳು ದಿನ ಬೇಕು, ವಯಸ್ಸಾದ ಹಾಗೆ ಇನ್ನೂ ಜಾಸ್ತಿ. ಅಭ್ಯಾಸಕ್ಕೆ ಬರುವುದಿಲ್ಲ, ಜಿಮ್‌ನಲ್ಲಿ ಮೈ ಕಾಯ್ದುಕೊಳ್ಳುತ್ತಾನೆ. ಆದರೂ ಒಂದು ಋತುವಿನಲ್ಲಿ 20 ಪಂದ್ಯ ಆಡಿದರೂ ನಮಗೆ ಸಾಕು, ಅವನಿದ್ದರೆ ಗೆಲ್ಲುವ ಅವಕಾಶ ಅಷ್ಟು ಹೆಚ್ಚು. ಅವರ ಮಾತಿನ ಸಾರ ಇಷ್ಟು.

ಅಭ್ಯಾಸ ಇಲ್ಲದೆ ಆಡುವುದು ಅಂದರೆ ಏನು ಅಂತ ಆಟ ಆಡುವವರಿಗೆ ಗೊತ್ತು. ಡಿಫೆನ್ಸ್ ಒಬ್ಬನ ಆಟ ಅಲ್ಲ. ನಾಲ್ಕು ಜನ ಒಂದು ದಾರ ಹಿಡಿದುಕೊಂಡ ಹಾಗೆ ಒಟ್ಟಿಗೆ ಮುಂದೆ ಹೋಗಬೇಕು, ಒಟ್ಟಿಗೆ ಹಿಂದೆ ಬರಬೇಕು. ಒಬ್ಬ ಒಂದು ಹೆಜ್ಜೆ ಹಿಂದೆ ಉಳಿದರೆ ಎದುರಾಳಿ ಆಫ್‌ಸೈಡ್ ಆಗುವುದಿಲ್ಲ, ಅಂದರೆ ನಿಯಮ ಮೀರಿ ಮುಂದೆ ಹೋಗಿದ್ದಾನೆ ಅಂತ ರೆಫ್ರಿ ಅವನನ್ನು ತಡೆಯುವುದಿಲ್ಲ, ಗೋಲು ಬಿತ್ತು. ಆ ಲೆಕ್ಕ ಕೂಡಿಬರುವುದು ವಾರವಿಡೀ ಒಟ್ಟಿಗೆ ಅಭ್ಯಾಸ ಮಾಡಿದಾಗ. ಉಳಿದ ಮೂವರು ಮಾಡಿದ್ದಾರೆ, ನಾಲ್ಕನೆಯವನು ಜಿಮ್‌ನಿಂದ ನೇರ ಬಂದಿದ್ದಾನೆ. ಆದರೂ ಆ ದಾರ ಹಿಡಿದು ನಡೆಸುವವನು ಆ ನಾಲ್ಕನೆಯವನೇ. ಇದನ್ನು ನೋಡಿದಾಗೆಲ್ಲ ನನಗೆ, ತಾಲೀಮಿಗೆ ಬರದೆ ನೇರ ವೇದಿಕೆಗೆ ಬಂದು, ಮೇಳದ ಕಾಲ ಹಿಡಿದು ನಿಲ್ಲಿಸುವ ಹಳೆಯ ಭಾಗವತರು ನೆನಪಾಗುತ್ತಾರೆ.

ಅವನ ಕೈಗೆ ಬಂದ ಒಂದೇ ಒಂದು ದೊಡ್ಡ ಕಪ್ 2008ರ ಲೀಗ್ ಕಪ್. ಆ ಋತುವಿನ ಅರ್ಧ ಭಾಗ ಅವನು ಮೈದಾನಕ್ಕೇ ಇಳಿದಿರಲಿಲ್ಲ. 2007ರ ಡಿಸೆಂಬರ್ ಕೊನೆಗೆ ವಾಪಸ್ ಬಂದ. ಫೆಬ್ರವರಿ 24ಕ್ಕೆ ವೆಂಬ್ಲಿಯಲ್ಲಿ ಫೈನಲ್, ಮತ್ತೆ ಅದೇ ಚೆಲ್ಸಿ ವಿರುದ್ಧ. ಅವನ ಪಕ್ಕದ ಸೆಂಟರ್ ಬ್ಯಾಕ್ ಜೊನಾಥನ್ ವುಡ್‌ಗೇಟ್. ಅವನದೂ ಗಾಯದ ಚರಿತ್ರೆಯೇ. ರಿಯಲ್ ಮ್ಯಾಡ್ರಿಡ್‌ಗೆ ಹೋಗಿ ಇಡೀ ಮೊದಲ ಋತು ಒಂದು ಪಂದ್ಯವನ್ನೂ ಆಡಲಾಗದವನು. ಇಂಥ ಇಬ್ಬರು ದ್ರೋಗ್ಬಾ ಎದುರು ನಿಂತರು. ದ್ರೋಗ್ಬಾ ಫ್ರೀ ಕಿಕ್‌ನಲ್ಲಿ ಗೋಲು ಹೊಡೆದ. ಬೆರ್ಬಟೋವ್ ಪೆನಾಲ್ಟಿಯಲ್ಲಿ ಸಮ ಮಾಡಿದ. ಹೆಚ್ಚುವರಿ ಅವಧಿಯ ಶುರುವಿಗೇ ವುಡ್‌ಗೇಟ್ ತಲೆಗೆ ಸಿಕ್ಕ ಚೆಂಡನ್ನು ಗೋಲ್‌ಕೀಪರ್ ಚೆಕ್ ತಳ್ಳಿದ. ಅದು ತಿರುಗಿ ವುಡ್‌ಗೇಟ್‌ಗೇ ಬಡಿದು ಒಳಗೆ ಹೋಯಿತು. 2-1. ಕಿಂಗ್ ಮತ್ತು ರಾಬಿ ಕೀನ್ ಇಬ್ಬರೂ ಒಟ್ಟಿಗೆ ಕಪ್ ಎತ್ತಿದರು. ಟಾಟನ್‌ಹ್ಯಾಮ್‌ಗೆ ಮುಂದಿನ ಕಪ್ ಸಿಕ್ಕಿದ್ದು ಯಾವಾಗ ಗೊತ್ತಾ? 2025ರ ಮೇನಲ್ಲಿ, ಯುರೋಪಾ ಲೀಗ್. ಹದಿನೇಳು ವರ್ಷ.

ಮರುವರ್ಷವೂ ಅದೇ ಫೈನಲ್‌ಗೆ ಹೋದರು, ಮ್ಯಾಂಚೆಸ್ಟರ್ ಯುನೈಟೆಡ್ ಎದುರು ಪೆನಾಲ್ಟಿಗಳಲ್ಲಿ ಸೋತರು. 2010ರ ಮೇ 5ರಂದು ಮ್ಯಾಂಚೆಸ್ಟರ್ ಸಿಟಿ ಮೈದಾನದಲ್ಲಿ ಪೀಟರ್ ಕ್ರೌಚ್ ಹೊಡೆದ ಒಂದೇ ಗೋಲಿನಿಂದ ಗೆದ್ದು ಮೊದಲ ನಾಲ್ಕರಲ್ಲಿ ಜಾಗ ಹಿಡಿದರು. ಯುರೋಪಿನ ದೊಡ್ಡ ಕ್ಲಬ್‌ಗಳು ಆಡುವ ಚಾಂಪಿಯನ್ಸ್ ಲೀಗ್‌ನ ಬಾಗಿಲು ತೆರೆಯಿತು. ಆದರೆ ಬಾಗಿಲು ತೆರೆಯಲು ದುಡಿದವನು ಆ ಹಬ್ಬದ ಬಹುಪಾಲು ಹೊರಗೇ ಕೂರಬೇಕಾಯಿತು. ಇದೊಂದು ವಿಷಯದಲ್ಲಿ ನನಗೂ ಹೊಟ್ಟೆ ಉರಿಯುತ್ತದೆ.

ಆ ವರ್ಷದ ವಿಶ್ವಕಪ್‌ಗೆ ಇಂಗ್ಲೆಂಡ್ ತಂಡದ ಮ್ಯಾನೇಜರ್ ಫಾಬಿಯೊ ಕಪೆಲ್ಲೊ ಅವನನ್ನು ಕರೆದುಕೊಂಡು ಹೋದರು. ದಕ್ಷಿಣ ಆಫ್ರಿಕಾ ತಲುಪಿದ ಮೇಲೆ ತಂಡದ ಡಿಫೆಂಡರ್ ರಿಯೊ ಫರ್ಡಿನೆಂಡ್ ಅಭ್ಯಾಸದಲ್ಲಿ ಗಾಯಗೊಂಡ. ಜೂನ್ 12, ಅಮೆರಿಕ ವಿರುದ್ಧದ ಪಂದ್ಯಕ್ಕೆ ಜಾನ್ ಟೆರಿ ಪಕ್ಕ ಲೆಡ್ಲಿ ಕಿಂಗ್. ವಾನ್‌ಸ್ಟೆಡ್ ಫ್ಲ್ಯಾಟ್ಸ್‌ನ ಆ ಇಬ್ಬರು ಹುಡುಗರು ವಿಶ್ವಕಪ್‌ನಲ್ಲಿ ಅಕ್ಕಪಕ್ಕ. ನಲವತ್ತೈದು ನಿಮಿಷ. ವಿರಾಮದ ನಂತರ ಕಿಂಗ್ ಹೊರಗೆ ಬರಲಿಲ್ಲ. ಮಂಡಿ ಅಲ್ಲ, ತೊಡೆಸಂದಿನ ಸ್ನಾಯು. ಇಂಗ್ಲೆಂಡ್ ಜೆರ್ಸಿಯಲ್ಲಿ ಅದೇ ಕೊನೆ.

ಇಲ್ಲಿ ಕೂತಿರುವ ಮಕ್ಕಳಿಗೆ ಒಂದು ಮಾತು ಹೇಳದೆ ಮುಂದೆ ಹೋದರೆ ತಪ್ಪಾಗುತ್ತದೆ. ಕಿಂಗ್ ನೋವಿನಲ್ಲಿ ಆಡಿದ ಅಂತ ನೀವೂ ನೋವು ಮುಚ್ಚಿಟ್ಟುಕೊಂಡು ಆಡಬೇಡಿ. ನಾನು ಮುಚ್ಚಿಟ್ಟಿದ್ದೆ. ಹಿಮ್ಮಡಿ ನೋವು. ಹೇಳಿದರೆ ತಂಡದಿಂದ ತೆಗೆಯುತ್ತಾರೆ ಅನ್ನುವ ಹೆದರಿಕೆ, ಕೊನೆಗೆ ಹೇಳಿದಾಗ ಕೋಚ್ ಅಂದಿದ್ದು "ಬೆಚ್ಚಗಾದ ಮೇಲೆ ಸರಿಹೋಗುತ್ತೆ" ಅಂತ. ಸರಿಹೋಗಲಿಲ್ಲ. ಕಿಂಗ್ ಸುತ್ತ ವೈದ್ಯರಿದ್ದರು, ಫಿಸಿಯೋಗಳಿದ್ದರು, ಏಳು ದಿನ ಬಿಡುವು ಕೊಡುವ ಮ್ಯಾನೇಜರ್ ಇದ್ದರು. ಅವನ ನೋವು ಇಡೀ ದೇಶಕ್ಕೆ ಗೊತ್ತಿತ್ತು. ಏನು ಉಳಿದಿದೆ, ಅದನ್ನು ಎಷ್ಟು ಬಳಸಬಹುದು ಅಂತ ದಿನಾ ಲೆಕ್ಕ ಹಾಕಿ ಆಡಿದ ಆಟ ಅದು. ಪೋಷಕರೂ ಕೇಳಿಸಿಕೊಳ್ಳಿ. ಹದಿನಾಲ್ಕು ವರ್ಷದ ಹುಡುಗಿ ಮಂಡಿ ನೋವು ಅಂದರೆ ಅದು ನೆಪ ಅಲ್ಲ.

2011-12ರ ಋತುವಿನಲ್ಲಿ ಮಂಡಿ ಏಳು ದಿನಕ್ಕೂ ಇಳಿಯದ ಹಾಗಾಯಿತು. 2012ರ ಜುಲೈನಲ್ಲಿ ನಿವೃತ್ತಿ ಹೇಳಿದ. ಜಾರ್ಜ್ ಗ್ರಹಾಂ, ಗ್ಲೆನ್ ಹಾಡಲ್, ಜಾಕ್ ಸಾಂಟಿನಿ, ಮಾರ್ಟಿನ್ ಯೋಲ್, ಹ್ವಾಂದೆ ರಾಮೋಸ್, ರೆಡ್‌ನ್ಯಾಪ್, ಇಷ್ಟು ಮ್ಯಾನೇಜರ್‌ಗಳು ಬಂದು ಹೋದರು. ಬೇರೆ ಬೇರೆ ಆಟದ ರೀತಿ, ಬೇರೆ ಬೇರೆ ತಲೆಗಳು. ಒಬ್ಬರೂ ಅವನನ್ನು ಬೇಡ ಅನ್ನಲಿಲ್ಲ. 2014ರ ಮೇನಲ್ಲಿ ವೈಟ್ ಹಾರ್ಟ್ ಲೇನ್‌ನಲ್ಲಿ ಅವನಿಗಾಗಿ ಗೌರವ ಪಂದ್ಯ ಆಡಿಸಿದರು.

ಮಾತು ಮುಗಿದ ಮೇಲೆ ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು ಕೇಳಿದ, "ಸಾರ್, ಅವರು ಆಮೇಲೆ ಅಭ್ಯಾಸಕ್ಕೆ ಹೋಗಲೇ ಇಲ್ವಾ?"

ಹೋದ. 2020ರ ಆಗಸ್ಟ್‌ನಲ್ಲಿ ಜೋಸೆ ಮೊರಿನ್ಯೊ ಮ್ಯಾನೇಜರ್ ಆಗಿದ್ದಾಗ ಕಿಂಗ್‌ನನ್ನು ಮುಖ್ಯ ತಂಡದ ಸಹಾಯಕ ಕೋಚ್ ಮಾಡಿಕೊಂಡರು. ಒಂದು ಋತು ಆ ಕೆಲಸ ಮಾಡಿದ. ಅಭ್ಯಾಸದ ಮೈದಾನಕ್ಕೆ ತಂಡದ ಜೊತೆ ಇಳಿದು, ಡಿಫೆಂಡರ್‌ಗಳಿಗೆ ಎಲ್ಲಿ ನಿಲ್ಲಬೇಕು ಅಂತ ತೋರಿಸುತ್ತಿದ್ದ.

ಆಮೇಲೆ ಲ್ಯಾಪ್‌ಟಾಪ್‌ನಲ್ಲಿ ರಾಬೆನ್ ಟ್ಯಾಕಲ್ ಹಾಕಿದೆವು. ಮೂರು ಸಲ ನೋಡಿದೆವು. ನಾಲ್ಕನೇ ಸಲ ಅದೇ ಹುಡುಗ ಚೆಂಡು ನೋಡಬೇಡಿ, ಕಿಂಗ್‌ನನ್ನೇ ನೋಡಿ ಅಂತ ಪಕ್ಕದವನಿಗೆ ಹೇಳುತ್ತಿದ್ದ.